ಚೊಕ್ಕಣ್ಣನ ಟ್ಯಾಂಕು

ಅವಳನ್ನು ಬೆಳೆಗಾರರೆಲ್ಲ ಕೊಳೆ ಅಕ್ಕ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಮಾತ್ರವಲ್ಲ, ಎದುರಿಗೂ. ಬೆಳೆ ನಳನಳಿಸುವಾಗ ಅವಳನ್ನು ನೆನೆಯುವವರು ಒಬ್ಬರೂ ಇಲ್ಲ. ಎಲೆಗೆ ಚುಕ್ಕೆ ಬಿತ್ತು, ಕಾಂಡ ಕೊಳೆಯಿತು, ಕಾಯಿ ಜೊಳ್ಳಾಯಿತು ಎಂದಾಗ ಮಾತ್ರ ಫೋನು. ಹಾಗೆ ಕರೆದವರ ಹೊಲಕ್ಕೆ ಅವಳು ಕತ್ತರಿ, ಕಾಗದದ ಚೀಲ ಹಿಡಿದು ಹೋಗಿ, ಬುಡದಿಂದ ಗಿಡ ಕತ್ತರಿಸಿ, ಕಾಂಡ ಸೀಳಿ ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದಳು. ಹೆಸರು ಕೆಟ್ಟದಾಯಿತಲ್ಲ ಎಂದು ಯಾರಾದರೂ ಅಂದರೆ ಅವಳಿಗೆ ಬೇಸರವೇನೂ ಇಲ್ಲ. ಡಾಕ್ಟರನ್ನು ಆರೋಗ್ಯವಂತ ಯಾವಾಗ ಮಾತಾಡಿಸಲು ಹೋಗಿದ್ದಾನೆ ಎಂದು ನಗುತ್ತಿದ್ದಳು.

ಬೆಳೆರೋಗ ಪರೀಕ್ಷಾ ಕೇಂದ್ರದ ಕೆಳ ಅಂತಸ್ತಿನಲ್ಲಿ ಅವಳ ಕೋಣೆ. ಕಿಟಕಿಯ ಕೆಳಗೆ ಉದ್ದನೆಯ ಮೇಜು, ಮೇಜಿನ ಮೇಲೆ ಗಾಜಿನ ತಟ್ಟೆಗಳ ಗೋಪುರ, ಮೂಲೆಯಲ್ಲಿ ಎರಡು ಫ್ರಿಜ್. ಒಂದರಲ್ಲಿ ಕೊಳೆತ ಕಾಂಡಗಳು, ಇನ್ನೊಂದರಲ್ಲಿ ಚಹಾಕ್ಕೆ ಹಾಲು. ಯಾವುದು ಯಾವುದಕ್ಕೆ ಎಂಬುದು ಆಗಾಗ ಅದಲುಬದಲಾಗಿ, ಕೇಂದ್ರದ ಮುಖ್ಯಸ್ಥೆ ದೊಡ್ಡ ಮೇಡಂ ಕೆಂಡಾಮಂಡಲವಾಗುತ್ತಿದ್ದರು.

ಆ ಸೀಮೆಯಲ್ಲಿ ಕಣ್ಣು ಹಾಯಿಸಿದಷ್ಟೂ ಕನೋಲಾ. ಸಾಸಿವೆಯ ದಾಯಾದಿ ಎನ್ನಬಹುದು; ಎದೆಯೆತ್ತರದ ಗಿಡ, ಹಳದಿ ಹೂ, ಕಾಯೊಳಗೆ ಎಣ್ಣೆ ತುಂಬಿದ ಕರಿ ಕಾಳು. ಹೂ ಬಿಟ್ಟಾಗ ದಾರಿಹೋಕರು ಗಾಡಿ ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ. ಬೆಳೆದವನಿಗೆ ಮಾತ್ರ ಅದು ಎದೆಯಲ್ಲಿ ಅವಲಕ್ಕಿ ಕುಟ್ಟುವ ಕಾಲ. ಉದುರಿದ ಪಕಳೆ ಎಲೆಯ ಬುಡದಲ್ಲಿ ಸಿಕ್ಕಿಕೊಂಡು ಒದ್ದೆಯಾಗಿ ಕೂತರೆ, ಬೂಷ್ಟು ಮೊದಲು ಆ ಪಕಳೆಯನ್ನು ತಿಂದು ಬಲಿತುಕೊಳ್ಳುತ್ತದೆ, ಆಮೇಲೆ ಕಾಂಡಕ್ಕೆ ಇಳಿಯುತ್ತದೆ. ಕಾಂಡ ಬಿಳಚಿ ಟೊಳ್ಳಾಗುತ್ತದೆ, ಒಳಗೆ ಇಲಿ ಹಿಕ್ಕೆಯಂಥ ಕರಿ ಗಂಟುಗಳು ತುಂಬಿಕೊಳ್ಳುತ್ತವೆ. ಅಲ್ಲಿಗೆ ಮುಗಿಯಿತು. ಔಷಧಿ ಹೊಡೆಯುವುದಿದ್ದರೆ ಹೂವಿನ ಕಾಲದಲ್ಲೇ ಹೊಡೆಯಬೇಕು. ಆ ಕೆಲವು ದಿನ ತಪ್ಪಿದರೆ ಆ ವರ್ಷದ ಮಟ್ಟಿಗೆ ತಪ್ಪಿದಂತೆಯೇ.

ಹೀಗೆ ಊರವರ ಹೊಲಗಳಿಗೆ ಔಷಧಿ ಹೊಡೆದುಕೊಡುವುದೇ ಅವಳ ಅಣ್ಣನ ಕಸುಬು. ಟ್ರ್ಯಾಕ್ಟರಿನ ಹಿಂದೆ ದೊಡ್ಡ ಟ್ಯಾಂಕು, ಎರಡೂ ಕಡೆ ಚಾಚುವ ಕಬ್ಬಿಣದ ರೆಕ್ಕೆ, ರೆಕ್ಕೆಯ ಉದ್ದಕ್ಕೂ ಔಷಧಿ ಚಿಮ್ಮುವ ನಾಜಲ್‌ಗಳು. ತಾಯಿ ತೀರಿಕೊಂಡಾಗ ಅವಳಿನ್ನೂ ಶಾಲೆಯ ಹುಡುಗಿ. ತಂದೆಯ ನೆನಪು ಇಬ್ಬರಿಗೂ ಅಷ್ಟಕ್ಕಷ್ಟೆ. ಅಣ್ಣನೇ ಸಾಕಿದ, ಅಣ್ಣನೇ ಓದಿಸಿದ. ಅವಳ ಕಾಲೇಜಿನ ಪುಸ್ತಕಗಳಿಗೆ ಕೂಡ ಅವನ ಕೈಯ ಔಷಧಿಯ ವಾಸನೆ ಅಂಟಿರುತ್ತಿತ್ತು. ಸಹಪಾಠಿಗಳು ಮೂಗು ಮುರಿದರೆ ಅವಳು ಪುಸ್ತಕವನ್ನು ಇನ್ನಷ್ಟು ಹತ್ತಿರ ಹಿಡಿದು ಓದುತ್ತಿದ್ದಳು.

ಅವನಿಗೆ ಚೊಕ್ಕಣ್ಣ ಎಂಬ ಹೆಸರು ಬಿದ್ದದ್ದು ಒಂದು ತಪ್ಪಿನಿಂದ. ವಯಸ್ಸಿನ ಹುರುಪಿನಲ್ಲಿ ಒಮ್ಮೆ ಗೋಧಿ ಹೊಲಕ್ಕೆ ಕಳೆನಾಶಕ ಹೊಡೆದವನು ಟ್ಯಾಂಕನ್ನು ಹಾಗೇ ಒಂದಿಷ್ಟು ಕಲಕಿ ಚೆಲ್ಲಿ, ಅದರಲ್ಲೇ ಪಕ್ಕದ ಕನೋಲಾಕ್ಕೆ ಔಷಧಿ ಹೊಡೆದ. ತಳದಲ್ಲಿ ಉಳಿದಿದ್ದ ಕಳೆನಾಶಕ ಇಡೀ ಬೆಳೆಯನ್ನು ಸುಟ್ಟುಹಾಕಿತು. ಹೊಲ ಒಬ್ಬ ವಿಧವೆಯದು. ಆಕೆ ಬೈದಿದ್ದರೆ ಮರೆತುಬಿಡುತ್ತಿದ್ದನೋ ಏನೋ. ಆಕೆ ಬೈಯಲಿಲ್ಲ, ಹೊಲದ ಬದುವಿನ ಮೇಲೆ ಕೂತು ಸುಮ್ಮನೆ ನೋಡಿದಳು. ಅಂದಿನಿಂದ ಅವನು ಟ್ಯಾಂಕು ತೊಳೆಯುವುದರಲ್ಲಿ ಹುಚ್ಚನಾದ. ಮೂಗಿಗೆ ಹೊಡೆಯುವ ಅಮೋನಿಯದ ದ್ರವ ತಂದು, ಪ್ರತಿ ಹೊಲವಾದ ಮೇಲೂ ಟ್ಯಾಂಕು, ಪೈಪು, ನಾಜಲ್ ಎಲ್ಲ ತೊಳೆಯುತ್ತಿದ್ದ. ಗಾಳಿ ಬೀಸಿದರೆ ಹೊಡೆಯುತ್ತಿರಲಿಲ್ಲ. ಪಕ್ಕದವರ ಗಿಡದ ಮೇಲೆ ಹನಿ ಹಾರಬಾರದು ಎಂದು ತುಂಬಿದ ಟ್ಯಾಂಕನ್ನು ನಿಲ್ಲಿಸಿಕೊಂಡು ಕಾಯುತ್ತಿದ್ದ. ಅವನನ್ನು ಕರೆಸಿದ ಬೆಳೆಗಾರ ನಿಶ್ಚಿಂತೆಯಾಗಿ ನಿದ್ದೆ ಮಾಡಬಹುದು ಎಂಬ ಮಾತು ಊರಲ್ಲಿತ್ತು. ಅವನಿಗಿದ್ದ ಆಸ್ತಿಯೆಂದರೆ ಆ ಮಾತು.

ಇದಕ್ಕೆ ತದ್ವಿರುದ್ಧ ಇನ್ನೊಬ್ಬ ಸ್ಪ್ರೇಯರಿನವ, ಅಡ್ಡಹೆಸರು ಗಡಿಬಿಡಿ. ಟ್ಯಾಂಕಿನೊಳಗೆ ಏನಿತ್ತೆಂದು ಅವನಿಗೇ ಗೊತ್ತಿರುವುದಿಲ್ಲ. ಸುರಿ, ಕಲಕು, ಹೊಡೆ, ಹೊರಡು. ಅವನು ಹೋದ ಹೊಲದ ಮೂಲೆಯಲ್ಲಿ ಒಂದಿಷ್ಟು ಗಿಡ ಸುಟ್ಟಿರುವುದು ಮಾಮೂಲು.

ಆ ವರ್ಷ ಔಷಧಿ ಬದಲಾಗಿತ್ತು. ಹಳೆಯ ಶಿಲೀಂಧ್ರನಾಶಕಕ್ಕೆ ಬೂಷ್ಟು ಒಗ್ಗಿಹೋಗಿದೆ, ಇನ್ನು ಅದನ್ನು ಹೊಡೆಯುವುದೂ ನೀರು ಹೊಡೆಯುವುದೂ ಒಂದೇ ಎಂದು ಕೊಳೆ ಅಕ್ಕನೇ ಪರೀಕ್ಷೆ ಮಾಡಿ ತೋರಿಸಿದ್ದಳು. ಕೇಂದ್ರದವರು ಹೊಸದೊಂದನ್ನು ಹೇಳಿದರು. ಎಲ್ಲರೂ ಒಂದೇ ಅಂಗಡಿಯಿಂದ ಅದೇ ಡಬ್ಬ ತಂದರು. ಹೂವಿನ ಕಾಲದಲ್ಲಿ ಅರ್ಧ ಊರಿಗೆ ಚೊಕ್ಕಣ್ಣ ಹೊಡೆದ, ಉಳಿದರ್ಧಕ್ಕೆ ಗಡಿಬಿಡಿ ಹೊಡೆದ. ಕಾಯಿ ಕಟ್ಟುವ ಹೊತ್ತಿಗೆ ಗಡಿಬಿಡಿ ಹೊಡೆದ ಹೊಲಗಳು ಹಸಿರಾಗಿ ನಿಂತಿದ್ದವು. ಚೊಕ್ಕಣ್ಣ ಹೊಡೆದವು ಒಂದೊಂದಾಗಿ ಬಿಳಚಿ ಮಲಗಿದವು.

ಮೊದಲು ಬಾಯಿ ಬಿಟ್ಟವರು ದಿಬ್ಬದ ಮೇಲಿನ ದೊಡ್ಡ ಹೊಲದ ಯಜಮಾನರು. ಡಬ್ಬ ಒಂದೇ, ಅಂಗಡಿ ಒಂದೇ, ಬೂಷ್ಟೂ ಒಂದೇ. ಹಾಗಾದರೆ ಬೇರೆಯಾದದ್ದು ಏನು ಎಂದು ಅವರು ಚಹಾದಂಗಡಿಯಲ್ಲಿ ಕೇಳಿದರು. ಉತ್ತರ ಅವರು ಹೇಳಲಿಲ್ಲ, ಕೇಳಿಸಿಕೊಂಡವರೇ ಹೇಳಿಕೊಂಡರು. ಅರ್ಧ ಔಷಧಿ ಟ್ಯಾಂಕಿಗೆ, ಇನ್ನರ್ಧ ಬೇರೆ ಊರಿನ ಗಿರಾಕಿಗೆ. ಅದಕ್ಕೇ ಅಷ್ಟೊಂದು ತೊಳೆಯುವ ನಾಟಕ. ಗಾಳಿ ಮಾತಿಗೆ ಕಾಲು ಬಂದು ಮನೆಮನೆಗೆ ನಡೆಯಿತು. ಅಂಗಡಿಯಲ್ಲಿ ಚೊಕ್ಕಣ್ಣ ಬಂದು ಕೂತರೆ ಪಕ್ಕದವರಿಗೆ ಏನೋ ಕೆಲಸ ನೆನಪಾಗುತ್ತಿತ್ತು.

ಅಣ್ಣ ತಂಗಿಯ ಕೋಣೆಗೆ ಬಂದ. ಎಂದೂ ಕೇಂದ್ರದ ಮೆಟ್ಟಿಲು ಹತ್ತದವನು ಬಾಗಿಲಲ್ಲೇ ನಿಂತು, ಚಪ್ಪಲಿ ಬಿಡಬೇಕೇ ಎಂದು ಕೇಳಿದ. ಅವಳು ಕುರ್ಚಿ ಎಳೆದು ಕೂರಿಸಿದಳು.

"ನಾನು ಕದ್ದಿಲ್ಲ ಅಂತ ನಾನೇ ಹೇಳಿದ್ರೆ ಯಾರು ಕೇಳ್ತಾರೆ," ಎಂದ. "ನಿನ್ನ ತಟ್ಟೆ ಹೇಳಿದ್ರೆ ಕೇಳ್ತಾರೆ. ನೋಡು ತಾಯಿ, ಏನಿದೆಯೋ ಅದನ್ನ ನೋಡಿ ಹೇಳು."

ಸ್ವಂತ ಅಣ್ಣನ ವಿಷಯ, ತಾನು ಮಾಡುವುದು ಸರಿಯಲ್ಲ ಎಂದು ಅವಳು ದೊಡ್ಡ ಮೇಡಂಗೆ ಹೇಳಿದಳು. ಬೇರೆ ಯಾರಿದ್ದಾರೆ ಮಾಡಲು ಎಂದು ಅವರು ಕೇಳಿದರು. ಕೊನೆಗೆ ಮೇಡಂ ತಾವೇ ಹೊಲಗಳಿಗೆ ಹೋಗಿ ಕಾಂಡ ತಂದು, ಒಂದೊಂದಕ್ಕೂ ಒಂದೊಂದು ಬಣ್ಣದ ದಾರ ಕಟ್ಟಿ ಕೊಟ್ಟರು. ಯಾವ ದಾರ ಯಾರ ಹೊಲದ್ದೆಂಬುದು ಅವರೊಬ್ಬರಿಗೇ ಗೊತ್ತು.

ಕೆಲಸ ಸುಲಭದ್ದೇ. ಕಾಂಡದೊಳಗಿನ ಕರಿ ಗಂಟು ತೆಗೆದು ತೊಳೆದು, ಬೂಷ್ಟಿಗೆ ಊಟವಾಗುವ ಗಟ್ಟಿ ಗಂಜಿಯ ಮೇಲೆ ಕೂರಿಸುವುದು. ಒಂದು ತಟ್ಟೆಯಲ್ಲಿ ಬರೀ ಗಂಜಿ, ಇನ್ನೊಂದರಲ್ಲಿ ಹೊಸ ಔಷಧಿ ಬೆರೆಸಿದ ಗಂಜಿ. ಎರಡರಲ್ಲೂ ಬೆಳೆದರೆ ಬೂಷ್ಟು ಔಷಧಿಗೆ ಒಗ್ಗಿಕೊಂಡಿದೆ ಎಂದರ್ಥ, ಹೊಡೆದವನದು ತಪ್ಪಿಲ್ಲ. ಔಷಧಿಯ ತಟ್ಟೆಯಲ್ಲಿ ಬೆಳೆಯದಿದ್ದರೆ ಔಷಧಿ ಚೆನ್ನಾಗಿಯೇ ಇದೆ, ಗಿಡಕ್ಕೆ ಮುಟ್ಟಲಿಲ್ಲ ಎಂದರ್ಥ.

ತನ್ನ ಕಸುಬಿನಲ್ಲಿ ಮೊದಲ ಬಾರಿಗೆ ಅವಳು ರೋಗ ಗೆಲ್ಲಲಿ ಎಂದು ಬೇಡಿಕೊಂಡಳು. ಬೆಳೆಗಾರರೆಲ್ಲ ಹಾಳಾದರೂ ಸರಿ, ಔಷಧಿ ಸೋಲಲಿ ಎಂದು. ಇಂಥ ಆಸೆ ಬಂದದ್ದಕ್ಕೆ ನಾಚಿಕೆಯಾಗುತ್ತಿತ್ತು, ಆದರೂ ಬೇಡುವುದು ನಿಲ್ಲಿಸಲಾಗಲಿಲ್ಲ. ಮುಚ್ಚಳ ತೆಗೆದ ಬೆಳಿಗ್ಗೆ ಬರೀ ಗಂಜಿಯ ತಟ್ಟೆಗಳಲ್ಲಿ ಬೂಷ್ಟು ಹತ್ತಿಯಂತೆ ಅಂಚಿನವರೆಗೆ ಉಬ್ಬಿತ್ತು. ಔಷಧಿಯ ತಟ್ಟೆಗಳಲ್ಲಿ ಕರಿ ಗಂಟುಗಳು ಇಟ್ಟಲ್ಲೇ ಇಟ್ಟ ಹಾಗೆ ಕೂತಿದ್ದವು. ಕೆಂಪು ದಾರದ್ದು, ನೀಲಿ ದಾರದ್ದು, ಹಳದಿ ದಾರದ್ದು, ಒಂದೂ ಬಿಡದೆ ಎಲ್ಲವೂ. ಯಾವುದು ಯಾರದೆಂದು ಮೇಡಂಗೆ ಕೇಳುವ ಅಗತ್ಯವೇ ಬೀಳಲಿಲ್ಲ.

ಔಷಧಿ ಗಿಡಕ್ಕೆ ಮುಟ್ಟಿಲ್ಲ. ಹೊಡೆದವನು ಅಣ್ಣ. ಹಾಗಾದರೆ ಊರವರು ಹೇಳುತ್ತಿರುವುದೇ ನಿಜವೇ ಎಂಬ ಪ್ರಶ್ನೆ ಅವಳ ತಲೆಯೊಳಗೆ ಬಂತು. ಬಂದದ್ದಕ್ಕೆ ಅವಳು ತನ್ನನ್ನು ಬೈದುಕೊಂಡಳು. ಬೈದುಕೊಂಡರೂ ಅದು ಹೋಗಲಿಲ್ಲ.

ಮರುದಿನ ಹೊಸ ಔಷಧಿಯ ಡಬ್ಬ ಹಿಡಿದು ಅಣ್ಣನ ಶೆಡ್ಡಿಗೆ ಹೋದಳು. ಹೂವಿನ ಕಾಲದಲ್ಲಿ ಹೇಗೆ ಮಾಡಿದೆಯೋ ಹಾಗೇ, ಒಂದು ಹೆಜ್ಜೆ ಹೆಚ್ಚಿಲ್ಲ ಕಡಿಮೆಯಿಲ್ಲ, ನನ್ನೆದುರು ಮಾಡು ಎಂದಳು. ಅಣ್ಣನಿಗೆ ಖುಷಿಯೇ ಆಯಿತು. ತನ್ನ ಕೆಲಸವನ್ನು ಯಾರಾದರೂ ನಿಂತು ನೋಡಲಿ ಎಂದೇ ಅವನು ಕಾದಿದ್ದಂತಿತ್ತು.

ಮೊದಲು ಅಮೋನಿಯದ ದ್ರವ ಹಾಕಿ ಟ್ಯಾಂಕನ್ನು ಉಜ್ಜಿದ. ಪೈಪುಗಳಲ್ಲಿ ಅದೇ ನೀರು ಹಾಯಿಸಿದ. ಮೇಲಿನದನ್ನು ಚೆಲ್ಲಿ, ತಳದಲ್ಲಿ ಒಂದು ಕೊಡದಷ್ಟು ಉಳಿಸಿಕೊಂಡ. ಅದನ್ನೇಕೆ ಚೆಲ್ಲಲಿಲ್ಲ ಎಂದು ಅವಳು ಕೇಳಿದಳು. ಅದು ತಳದಲ್ಲಿದ್ದರೆ ಪೈಪಿನೊಳಗೆ ಎಲ್ಲೋ ಒಂದು ಹನಿ ಕಳೆನಾಶಕ ಅಡಗಿದ್ದರೂ ಸತ್ತುಹೋಗುತ್ತದೆ, ವಾಸನೆ ಬರುತ್ತಿದ್ದರೆ ಟ್ಯಾಂಕು ಚೊಕ್ಕವಾಗಿದೆ ಎಂದೇ ಲೆಕ್ಕ ಎಂದ. ಅದರ ಮೇಲೇ ಒಳ್ಳೆ ನೀರು ತುಂಬಿಸಿದ. ಅಳತೆಯ ಲೋಟ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಒಂದು ಹನಿ ಹೆಚ್ಚುಕಡಿಮೆಯಾಗದ ಹಾಗೆ ಔಷಧಿ ಅಳೆದು ಸುರಿದ. ಲೋಟವನ್ನು ತೊಳೆದು ಆ ತೊಳೆದ ನೀರನ್ನೂ ಟ್ಯಾಂಕಿಗೇ ಹಾಕಿದ. ಆಮೇಲೆ ಹೊರಗೆ ಹೋಗಿ, ಬೇಲಿಗೆ ಕಟ್ಟಿದ ಬಟ್ಟೆಯ ಚೂರು ನೋಡಿ, ಗಾಳಿಯಿದೆ ಎಂದು ಬಂದು ಕೂತ. ಹೂವಿನ ಕಾಲದಲ್ಲಿ ಹೀಗೆ ಬೆಳಿಗ್ಗೆ ಬೆರೆಸಿದ್ದನ್ನು ಇಳಿಹೊತ್ತಿನವರೆಗೆ ಇಟ್ಟುಕೊಂಡು ಕಾದ ದಿನಗಳೇ ಹೆಚ್ಚು ಎಂದು ಹೆಮ್ಮೆಯಿಂದ ಹೇಳಿದ.

ಅವಳು ಚೀಲದಿಂದ ಲಿಟ್ಮಸ್ ಕಾಗದ ತೆಗೆದು ಟ್ಯಾಂಕಿಗೆ ಅದ್ದಿದಳು. ಕೆಂಪು ಕಾಗದ ಕಡು ನೀಲಿಯಾಯಿತು. ತಳದ ಅಮೋನಿಯದಿಂದ ನೀರೆಲ್ಲ ಗಟ್ಟಿ ಕ್ಷಾರವಾಗಿತ್ತು. ಈ ಹೊಸ ಔಷಧಿ ಕ್ಷಾರದಲ್ಲಿ ಬಾಳುವುದಿಲ್ಲ. ಹೊತ್ತು ಕಳೆದಂತೆ ಕರಗಿ, ಒಡೆದು, ಏನೂ ಇಲ್ಲದ್ದಾಗುತ್ತದೆ. ಹಳೆಯ ಔಷಧಿಗೆ ಆ ಕಾಟವಿರಲಿಲ್ಲ. ಡಬ್ಬದ ಮೇಲೆ ಸಣ್ಣ ಅಕ್ಷರದಲ್ಲಿ ಅದನ್ನು ಬರೆದೂ ಇದ್ದರು. ಅಣ್ಣ ಅದನ್ನು ಓದಿರಲಿಲ್ಲವೇ ಎಂದರೆ ಓದಿದ್ದ. ಓದಿ, ಟ್ಯಾಂಕಿಗೆ ತುಂಬುವ ಕಾಲುವೆಯ ನೀರನ್ನು ಸೀಸೆಯಲ್ಲಿ ತುಂಬಿ ಕಳಿಸಿ ಪರೀಕ್ಷೆ ಮಾಡಿಸಿ, ಕ್ಷಾರವಿಲ್ಲ ಎಂದು ಖಾತ್ರಿ ಮಾಡಿಕೊಂಡಿದ್ದ. ತೊಳೆದ ನೀರೂ ನೀರೇ ಎಂಬುದು ಅವನಿಗೆ ಹೊಳೆದಿರಲಿಲ್ಲ. ಅಷ್ಟೊಂದು ತೊಳೆಯುವವನು ಅವನೊಬ್ಬನೇ, ಅಷ್ಟು ಹೊತ್ತು ಕಾಯುವವನೂ ಅವನೊಬ್ಬನೇ. ತೊಳೆಯದ, ಕಾಯದ ಗಡಿಬಿಡಿಯ ಟ್ಯಾಂಕಿನಲ್ಲಿ ಔಷಧಿ ಗಟ್ಟಿಯಾಗಿ ಉಳಿದಿತ್ತು.

ಹೇಳುವ ಮೊದಲು ಅವಳು ಖಾತ್ರಿ ಮಾಡಿಕೊಳ್ಳಬೇಕಿತ್ತು. ಆಗತಾನೇ ಬೆರೆಸಿದ್ದರಲ್ಲಿ ಒಂದು ಸೀಸೆ, ಗಾಳಿ ನಿಂತ ಮೇಲೆ ಇನ್ನೊಂದು ಸೀಸೆ ತುಂಬಿಕೊಂಡು ಹೋದಳು. ಎರಡನ್ನೂ ಬೇರೆ ಬೇರೆ ಎಲೆಗಳಿಗೆ ಎರಚಿ ಮೇಲೆ ಬೂಷ್ಟು ಕೂರಿಸಿದಳು. ಮೊದಲ ಸೀಸೆಯ ಎಲೆಗಳು ಹಸಿರಾಗಿ ಉಳಿದವು. ಎರಡನೆಯದರವು ಕೊಳೆತು ನೀರಾದವು.

ದೊಡ್ಡ ಮೇಡಂ ವರದಿ ಬರೆಯಲು ಹೇಳಿದರು, ಬೆಳೆಗಾರರ ಸಭೆ ಕರೆದರು. ಸಭೆಗೆ ಮೊದಲು ಅಣ್ಣನಿಗೆ ತಾನೇ ಹೇಳಬೇಕೆಂದು ಅವಳು ಅವನ ಮನೆಗೆ ಹೋದಳು. ಅಡುಗೆಮನೆಯ ಮೇಜಿನ ಮುಂದೆ ಅಣ್ಣ ಕೂತಿದ್ದ, ಅತ್ತಿಗೆ ಒಲೆಯ ಹತ್ತಿರ ನಿಂತಿದ್ದಳು. ಅವಳು ಒಂದೊಂದಾಗಿ, ಶಾಲೆಯ ಮಕ್ಕಳಿಗೆ ಹೇಳುವಷ್ಟು ನಿಧಾನವಾಗಿ ಹೇಳಿದಳು. ನೀನು ಕದ್ದಿಲ್ಲ ಎಂಬುದು ಇನ್ನು ಸಾಬೀತಾದಂತೆಯೇ ಎಂದು ಕೊನೆಗೆ ಸೇರಿಸಿದಳು. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡು, ಸದ್ಯ, ಕಳ್ಳರೆಂಬ ಹೆಸರು ತಪ್ಪಿತಲ್ಲ ಎಂದಳು.

ಅಣ್ಣ ತನ್ನ ಕೈಗಳನ್ನು ನೋಡಿಕೊಂಡ. ವರ್ಷಾನುಗಟ್ಟಲೆ ಅಮೋನಿಯದಲ್ಲಿ ನೆಂದು ಚರ್ಮ ಸುಲಿದ ಕೈ.

"ಕದ್ದ ಅಂತಲೇ ಬರೆದುಬಿಡು," ಎಂದ.

"ಏನು ಮಾತು ಅಂತ ಆಡ್ತೀಯ ಅಣ್ಣ?"

"ಕಳ್ಳನಿಗಾದ್ರೆ ಇನ್ನೊಂದು ಸಲ ಕೆಲಸ ಕೊಡ್ತಾರೆ. ಮೇಲೆ ಒಂದು ಕಣ್ಣಿಟ್ಟಿದ್ರೆ ಸಾಕು ಅಂದ್ಕೋತಾರೆ. ನನ್ನ ಮೇಲೆ ಕಣ್ಣಿಟ್ಟಿದ್ದವನು ನಾನೇ ಅಲ್ವಾ? ಇನ್ಯಾರ ಕಣ್ಣು ಇಡಿಸ್ಲಿ?"

ಅವಳು ಅದಕ್ಕೆ ಏನೇನೋ ಸಮಾಧಾನ ಹೇಳಿದಳು. ಇನ್ನು ಮುಂದೆ ಬರೀ ನೀರಿನಲ್ಲಿ ಎರಡು ಸಲ ಜಾಲಾಡಿಸಿದರೆ ಮುಗಿಯಿತು, ಬೆರೆಸಿದ ಕೂಡಲೇ ಹೊಡೆದರೆ ಮುಗಿಯಿತು, ಇಷ್ಟೇ ಇಷ್ಟು ವಿಷಯ ಎಂದಳು. ಅವನು ಹೂಂಗುಟ್ಟಿದ. ಹೂಂಗುಟ್ಟುವವನು ಕೇಳಿಸಿಕೊಳ್ಳುತ್ತಿದ್ದಾನೆ ಎಂದು ನಂಬುವುದು ನಮಗೆಲ್ಲ ಇರುವ ಅನುಕೂಲದ ಅಭ್ಯಾಸ. ವರದಿಯಲ್ಲಿ ಅವಳು ಇದ್ದದ್ದನ್ನು ಇದ್ದ ಹಾಗೆ ಬರೆದಳು.

ಸಭೆಯಲ್ಲಿ ಯಾರೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ. ದಿಬ್ಬದ ಯಜಮಾನರು ಎದ್ದು ಬಂದು ಎಲ್ಲರೆದುರು ಚೊಕ್ಕಣ್ಣನ ಕೈ ಹಿಡಿದು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಬಾಯಿ ತಪ್ಪಿ ಬಂದ ಮಾತು ಎಂದರು. ಹಿಂದಿನ ಸಾಲಿನಲ್ಲಿ ಯಾರೋ, ಅತಿ ಮಡಿ ಮಾಡಿದರೆ ಹೀಗೇ ನೋಡಿ ಎಂದು ಪಿಸುಗುಟ್ಟಿದರು; ಒಂದಿಷ್ಟು ಜನ ನಕ್ಕರು. ಅದು ಹಗುರವಾದ ನಗೆ, ವಿಷವಿಲ್ಲದ್ದು. ಕಳ್ಳನೆಂದಾಗ ತಲೆಯೆತ್ತಿಕೊಂಡೇ ಓಡಾಡಿದ್ದ ಚೊಕ್ಕಣ್ಣ ಆ ನಗೆಗೆ ತಲೆ ತಗ್ಗಿಸಿದ್ದನ್ನು ತಂಗಿಯೊಬ್ಬಳೇ ನೋಡಿದಳು.

ಮುಂದಿನ ಹೂವಿನ ಕಾಲಕ್ಕೆ ದಿಬ್ಬದ ಯಜಮಾನರು ತಾವಾಗಿಯೇ ತಮ್ಮ ಹೊಲವನ್ನು ಚೊಕ್ಕಣ್ಣನಿಗೆ ಒಪ್ಪಿಸಿದರು. ಕೊಳೆ ಅಕ್ಕನ ಹೊಟ್ಟೆಗೆ ಹಾಲು ಹುಯ್ದಂತಾಯಿತು. ಆ ನೆಮ್ಮದಿ ಬಹಳ ದಿನ ಉಳಿಯಲಿಲ್ಲ. ಒಂದು ಬೆಳಿಗ್ಗೆ ಯಜಮಾನರ ಫೋನು ಬಂತು. ಅಣ್ಣ ಇನ್ನೂ ಬಂದಿಲ್ಲವಂತೆ. ಮೊನ್ನೆ ಗಾಳಿ ಎಂದರಂತೆ, ನಿನ್ನೆ ನಾಜಲ್ ಎಂದರಂತೆ, ಇವತ್ತು ಫೋನೇ ಎತ್ತುತ್ತಿಲ್ಲವಂತೆ. ಗಾಳಿ ಎಲ್ಲಿದೆ ನೀವೇ ನೋಡಿ, ಹೂ ಉದುರಲು ಶುರುವಾಗಿದೆ ಎಂದರು.

ಅವಳು ಅವರ ಹೊಲದ ದಾರಿಯಲ್ಲೇ ಹೋದಳು. ಎಲೆಗಳ ಬುಡದಲ್ಲಿ ಒದ್ದೆ ಪಕಳೆಗಳು ಅಂಟಿ ಕೂತಿದ್ದವು. ಇವತ್ತು ಹೊಡೆದರೆ ಉಳಿಯುತ್ತದೆ, ನಾಳೆಗೆ ಅನುಮಾನ, ನಾಡಿದ್ದಿಗೆ ಏನೂ ಇಲ್ಲ. ಅವಳ ಕಣ್ಣಿಗೆ ಅದು ಗಡಿಯಾರ ನೋಡಿದಷ್ಟೇ ಸ್ಪಷ್ಟವಿತ್ತು.

ಶೆಡ್ಡಿನ ನೆಲ ಕೆಸರಾಗಿತ್ತು. ಅಣ್ಣ ಟ್ಯಾಂಕಿನ ಮೇಲೆ ಹತ್ತಿ ಪೈಪು ಹಿಡಿದು ಒಳಗೆ ನೀರು ಬಿಡುತ್ತಿದ್ದ. ಕೆಳಗೆ ಎಲ್ಲೆಲ್ಲೂ ಲಿಟ್ಮಸ್ ಚೂರುಗಳು ಬಿದ್ದಿದ್ದವು. ಒಂದೂ ನೀಲಿಯಾಗಿರಲಿಲ್ಲ. ಅತ್ತಿಗೆ ಬಾಗಿಲಲ್ಲಿ ನಿಂತು, ಹೂ ಕಂಡ ದಿನದಿಂದ ಇದೇ ನಡೆದಿದೆ, ತುಂಬಿಸುವುದು ಚೆಲ್ಲುವುದು, ತುಂಬಿಸುವುದು ಚೆಲ್ಲುವುದು, ಔಷಧಿಯ ಡಬ್ಬದ ಮುಚ್ಚಳ ಇನ್ನೂ ತೆಗೆದಿಲ್ಲ ಎಂದಳು.

ಅಣ್ಣ ಇಳಿದು ಬಂದು, ಒಂದು ಸಲ ನೀನೇ ಅದ್ದಿ ನೋಡು ಎಂದು ಕಾಗದ ಕೊಟ್ಟ. ಅವಳು ಅದ್ದಿದಳು. ಬಣ್ಣ ಬದಲಾಗಲಿಲ್ಲ. ಪೈಪಿನ ತುದಿಯ ನೀರನ್ನೂ ನೋಡು ಎಂದ. ನೋಡಿದಳು.

"ಅಣ್ಣ, ಕುಡಿಯೋ ನೀರಿಗಿಂತ ಚೊಕ್ಕವಾಗಿದೆ. ಔಷಧಿ ಹಾಕು, ಹೊರಡು. ನಾನೂ ಜೊತೆಗೆ ಬರ್ತೀನಿ."

"ಹೋದ ವರ್ಷವೂ ನನಗೆ ಹೀಗೇ ಕಂಡಿತ್ತು," ಎಂದು ಅವನು ತಳದ ಬಿರಡೆ ಎಳೆದ. ತುಂಬಿದ ಟ್ಯಾಂಕು ಮತ್ತೆ ಖಾಲಿಯಾಗತೊಡಗಿತು.

ನೀರು ಅವಳ ಕಾಲಿನ ಮೇಲೆ ಹರಿದು ಹೋಯಿತು. ಅಷ್ಟರಲ್ಲಿ ಯಜಮಾನರ ಫೋನು ಮತ್ತೆ ಬಂತು. ಅವಳು ಹೊರಗೆ ಹೋಗಿ ಮಾತಾಡಬಹುದಿತ್ತು. ಹೋದರೆ ಅಣ್ಣ ಅದನ್ನು ಬೇರೆಯವರ ಬಾಯಿಂದ ಕೇಳಬೇಕಾಗುತ್ತದೆ ಎನ್ನಿಸಿ ಅಲ್ಲೇ, ಅವನೆದುರಿಗೇ ಮಾತಾಡಿದಳು.

"ಗಡಿಬಿಡಿಯವರನ್ನ ಕರೀರಿ. ಇವತ್ತೇ ಹೊಡೀಬೇಕು. ಅಣ್ಣನ ಕೈಲಿ ಆಗಲ್ಲ."

ಅಣ್ಣ ಪೈಪಿನ ನಲ್ಲಿ ನಿಲ್ಲಿಸಿದ. ಸಿಟ್ಟು ಮಾಡುತ್ತಾನೆ, ನೀನೂ ಹೀಗೆ ಮಾಡಿದೆಯಾ ಎನ್ನುತ್ತಾನೆ ಎಂದು ಅವಳು ಕಾದಳು. ಬೈದರೆ ಕೇಳಿಸಿಕೊಳ್ಳಲು ಸಿದ್ಧವಾಗಿದ್ದಳು. ಅವನು ಪೈಪು ಸುತ್ತಿ ಗೂಟಕ್ಕೆ ಹಾಕಿ, ಒದ್ದೆ ಕೈಗಳನ್ನು ಅಂಗಿಗೆ ಒರೆಸಿಕೊಂಡು, ಎಷ್ಟೋ ದಿನದ ಮೇಲೆ ಮೈ ಸಡಿಲ ಬಿಟ್ಟು ಕೂತ.

"ಒಳ್ಳೇದು ಮಾಡಿದೆ ತಾಯಿ," ಎಂದ. "ನನಗೆ ಹೇಳೋಕೆ ಬಾಯಿ ಬರ್ತಿರಲಿಲ್ಲ."

ತನ್ನನ್ನು ಓದಿಸಿದ ಕಸುಬನ್ನು ಅವನ ಕೈಯಿಂದ ತಾನೇ ಕಿತ್ತುಕೊಂಡಿದ್ದೇನೆ, ಅದಕ್ಕೆ ಅವನು ಒಳ್ಳೇದು ಮಾಡಿದೆ ಎನ್ನುತ್ತಿದ್ದಾನೆ ಎಂಬುದನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ. ಅವನ ಪಕ್ಕದಲ್ಲೇ ಕೆಸರಿನಲ್ಲಿ ಕುಸಿದು ಕೂತು ಅತ್ತಳು. ಸ್ವಲ್ಪ ಹೊತ್ತಿಗೆ ದಿಬ್ಬದ ಕಡೆಯಿಂದ ಗಡಿಬಿಡಿಯ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ಅಣ್ಣ ಕಿವಿಗೊಟ್ಟು ಕೇಳಿ, ಸರಿಯಾದ ಹೊತ್ತಿಗೆ ಬಂದ ಎಂದ.